ಎರಡು ಆಸ್ಕರ್ ಗೆದ್ದು, ನಟನೆಗೆ ಬಾಗಿಲು ಹಾಕಿ, 80ಕ್ಕೆ ವಾಪಸ್ ಬಂದ ಗ್ಲೆಂಡಾ ಜಾಕ್ಸನ್

1/10

ಫ್ರೆಂಡ್ಸ್, ಈ ಸಲದ ಸೀರೀಸ್ ಗ್ಲೆಂಡಾ ಜಾಕ್ಸನ್ ಅನ್ನೋ ಬ್ರಿಟಿಷ್ ನಟಿ ಬಗ್ಗೆ. ಹೆಸರು ಕೇಳಿಲ್ಲ ಅಂದ್ರೂ ಪರವಾಗಿಲ್ಲ, ನಮ್ಮ ವಯಸ್ಸಿನವರಲ್ಲಿ ಕೇಳಿದವರೇ ಕಮ್ಮಿ. ಮೊದಲು ಇಡೀ ಜೀವನವನ್ನ ನಾಲ್ಕು ಸಾಲಲ್ಲಿ ಹೇಳಿಬಿಡ್ತೀನಿ.

ಹುಟ್ಟಿದ್ದು 1936ರಲ್ಲಿ, ಗಾರೆ ಕೆಲಸದವರ ಮಗಳಾಗಿ. 16ಕ್ಕೆ ಸ್ಕೂಲ್ ಬಿಟ್ಟು ಔಷಧಿ ಅಂಗಡಿಯಲ್ಲಿ ಕೆಲಸ. 40 ತುಂಬೋ ಮೊದಲೇ ಎರಡು ಆಸ್ಕರ್. 55ಕ್ಕೆ ನಟನೆ ಪೂರ್ತಿ ಬಿಟ್ಟು ಎಂ.ಪಿ. ಪಾರ್ಲಿಮೆಂಟಲ್ಲಿ 23 ವರ್ಷ. 80ಕ್ಕೆ ಮತ್ತೆ ಸ್ಟೇಜ್ ಹತ್ತಿ ಶೇಕ್ಸ್‌ಪಿಯರ್‌ನ ಕಿಂಗ್ ಲಿಯರ್. ಹೌದು, ಮಗಳ ಪಾತ್ರ ಅಲ್ಲ, ರಾಜನದೇ. 82ಕ್ಕೆ ಟೋನಿ ಪ್ರಶಸ್ತಿ. 2023ರ ಜೂನ್ 15ರಂದು, 87ನೇ ವಯಸ್ಸಲ್ಲಿ ತೀರಿಕೊಂಡಾಗ ಆಕೆಯ ಕೊನೇ ಸಿನಿಮಾ ಇನ್ನೂ ಥಿಯೇಟರಿಗೆ ಬಂದಿರಲಿಲ್ಲ.

ಇದನ್ನೆಲ್ಲ ಓದ್ತಾ ಹೋದ ಹಾಗೆ ನನಗೆ ಗಟ್ಟಿಯಾದ ಅಭಿಪ್ರಾಯ ಒಂದೇ. ಈಕೆ ನಟನೆಯನ್ನ ಒಂದು ಕೆಲಸ ಅಂತ ನೋಡಿದರು. ಮೈ ಬಗ್ಗಿಸಿ, ಲೋಪ ಇಲ್ಲದ ಹಾಗೆ ಮಾಡಬೇಕಾದ ಕೆಲಸ, ಆದರೂ ಕೆಲಸವೇ. ಅದು ಇಲ್ಲದಿದ್ರೆ ನಾನೇ ಇಲ್ಲ ಅಂದುಕೊಳ್ಳಲಿಲ್ಲ. ಅದಕ್ಕೇ ಬಿಡೋಕೂ ಆಯ್ತು, ಇಪ್ಪತ್ಮೂರು ವರ್ಷ ಆದ್ಮೇಲೆ ಬಂದು ಮುಂದುವರಿಸೋಕೂ ಆಯ್ತು.

ಬಿಕಾಂ ಹುಡುಗರು ಹುಡುಗಿಯರಿಗೆ ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮನ್ನ ಈಗ ಎಲ್ಲರೂ ಕೇಳ್ತಿರೋದು ಒಂದೇ ಪ್ರಶ್ನೆ. ಮದುವೆ ಮನೆ ಊಟದ ಪಂಕ್ತಿಯಲ್ಲೂ ಅದೇ, ಬಸ್ಸಲ್ಲಿ ಸಿಕ್ಕ ಪಕ್ಕದ್ಮನೆ ಆಂಟಿದೂ ಅದೇ. "ಡಿಗ್ರಿ ಆದ್ಮೇಲೆ ಏನು? ಸಿಎನಾ, ಎಂಬಿಎನಾ, ಬ್ಯಾಂಕಾ?" ಇಪ್ಪತ್ತು ವರ್ಷಕ್ಕೆ ಇಡೀ ಆಯಸ್ಸಿನ ಉತ್ತರ ಬೇಕು ಅವರಿಗೆ. ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ನಿದ್ದೆ ಕೆಡಿಸಿಕೊಂಡಿರೋರಿಗೆ ಈ ಸೀರೀಸ್.

2/10

ಲಿವರ್‌ಪೂಲ್ ಊರಿನ ಎದುರು ದಡದಲ್ಲಿ, ಮರ್ಸಿ ನದಿ ಆಚೆ, ಬರ್ಕನ್‌ಹೆಡ್ ಅಂತ ಒಂದು ಊರು. ಹಡಗು ಕಟ್ಟೋರ ಊರು. ಗ್ಲೆಂಡಾ ಹುಟ್ಟಿದ್ದು ಅಲ್ಲಿ, ಬೆಳೆದಿದ್ದು ಹತ್ತಿರದ ಹಾಯ್‌ಲೇಕಲ್ಲಿ. ನಾಲ್ಕು ಜನ ಹೆಣ್ಣುಮಕ್ಕಳಲ್ಲಿ ಈಕೆಯೇ ದೊಡ್ಡವರು. ಅಪ್ಪ ಇಟ್ಟಿಗೆ ಕಟ್ಟೋ ಕೆಲಸ. ಅಮ್ಮನೂ ಸುಮ್ನೆ ಕೂತವರಲ್ಲ, ಅಂಗಡಿ ಕೆಲಸ, ಮನೆ ಕ್ಲೀನಿಂಗ್ ಅಂತ ದುಡಿದವರು. ಮಗಳಿಗೆ ಗ್ಲೆಂಡಾ ಅಂತ ಹೆಸರಿಟ್ಟಿದ್ದು ಗ್ಲೆಂಡಾ ಫ್ಯಾರೆಲ್ ಅನ್ನೋ ಹಾಲಿವುಡ್ ನಟಿ ನೆನಪಿಗೆ. ಅಮ್ಮನಿಗೆ ಸಿನಿಮಾ ಇಷ್ಟ ಇತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

16ಕ್ಕೆ ಸ್ಕೂಲ್ ಮುಗೀತು. ಬೂಟ್ಸ್ ಅಂತ ಅಲ್ಲಿ ಊರೂರಲ್ಲೂ ಇರೋ ಔಷಧಿ ಅಂಗಡಿಯಲ್ಲಿ ಎರಡು ವರ್ಷ ಕೆಲಸ ಮಾಡಿದರು. ದಿನಾ ಬೆಳಗ್ಗೆ ಹೋಗೋದು, ಗಿರಾಕಿಗಳಿಗೆ ಸಾಮಾನು ಕೊಡೋದು, ಸಂಜೆ ಬರೋದು. ಬೇಜಾರು ಕಳೆಯೋಕೆ ಊರಿನ ವೈಎಂಸಿಎ ನಾಟಕ ತಂಡ ಸೇರಿದರು. ಅಲ್ಲಿಂದ ಲಂಡನ್ನಿನ ರಾಡಾಗೆ, ಅಂದ್ರೆ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ಗೆ, ಸ್ಕಾಲರ್‌ಶಿಪ್ ಸಿಕ್ತು. 1954ರಲ್ಲಿ ಸೇರಿದರು.

ಇಲ್ಲಿ ಒಂದು ನಿಮಿಷ ನಿಲ್ಲಿ. ಇಂಥ ಕಥೆಗಳನ್ನ ಹೇಳೋವಾಗ ನಾವು "ಪ್ರತಿಭೆ ಇದ್ರೆ ಎಲ್ಲಿದ್ರೂ ಮೇಲೆ ಬರ್ತಾರೆ" ಅಂತ ಒಂದು ಡೈಲಾಗ್ ಹೊಡೆದು ಮುಂದೆ ಹೋಗ್ತೀವಿ. ನಾನು ಒಪ್ಪಲ್ಲ. ಪ್ರತಿಭೆ ಇತ್ತು ಸರಿ, ಫೀಸ್ ಕಟ್ಟಿದ್ದು ಯಾರು ಅಂತಲೂ ಕೇಳಬೇಕು. ಆ ಸ್ಕಾಲರ್‌ಶಿಪ್ ಇಲ್ಲದಿದ್ರೆ ಗಾರೆ ಕೆಲಸದವರ ದೊಡ್ಡ ಮಗಳು, ಹಿಂದೆ ಮೂರು ಜನ ತಂಗಿಯರನ್ನ ಇಟ್ಕೊಂಡು, ಲಂಡನ್ನಿಗೆ ನಾಟಕ ಕಲಿಯೋಕೆ ಹೋಗೋದು ಸುಲಭದ ಮಾತಾಗಿತ್ತಾ? ಮುಂದೆ ಈಕೆಯ ರಾಜಕೀಯ ಯಾವ ಕಡೆ ವಾಲಿತು ಅನ್ನೋದು ಅರ್ಥ ಆಗಬೇಕಾದ್ರೆ ಈ ಮನೆ, ಈ ಕೌಂಟರ್, ಈ ಸ್ಕಾಲರ್‌ಶಿಪ್ ಮೂರನ್ನೂ ನೆನಪಲ್ಲಿಡಿ.

3/10

ರಾಡಾ ಮುಗಿದಿದ್ದು 1957ರಲ್ಲಿ. ಇನ್ನೇನು ಸ್ಟಾರ್ ಆಗ್ಬಿಟ್ರು ಅಂದ್ಕೊಂಡ್ರಾ? ಇಲ್ಲ. ಮುಂದಿನ ಆರೇಳು ವರ್ಷ ಯಾರೂ ರೀಲ್ಸ್ ಮಾಡದ ಭಾಗ.

ಸಿನಿಮಾದ ಹೀರೋಯಿನ್ ಅಂದ್ರೆ ಆಗ ಇದ್ದ ಅಳತೆಗೆ ಈಕೆಯ ಮುಖ ಹೊಂದುತ್ತಿರಲಿಲ್ಲ. ನಲವತ್ತು ಆಗೋವರೆಗೂ ನಿನಗೆ ಹೆಚ್ಚು ಕೆಲಸ ಸಿಗೋದು ಅನುಮಾನ ಅಂತ ಕಲಿತ ಜಾಗದಲ್ಲೇ ಹೇಳಿ ಕಳಿಸಿದ್ರಂತೆ. ಇಪ್ಪತ್ತೊಂದರ ಹುಡುಗಿಗೆ ಇನ್ನೂ ಹತ್ತೊಂಬತ್ತು ವರ್ಷ ಕಾಯಿ ಅಂದ ಹಾಗೆ.

ಸಿಕ್ಕಿದ ಕೆಲಸ ಅಂದ್ರೆ ರೆಪರ್ಟರಿ ಕಂಪನಿಗಳು. ಇದು ಗೊತ್ತಿಲ್ಲದವರಿಗೆ: ಆಗ ಇಂಗ್ಲೆಂಡಿನ ಸಣ್ಣಪುಟ್ಟ ಊರುಗಳಲ್ಲೂ ಕಾಯಂ ನಾಟಕ ಕಂಪನಿಗಳಿದ್ವು. ಒಂದು ವಾರಕ್ಕೋ ಎರಡು ವಾರಕ್ಕೋ ಒಂದು ಹೊಸ ನಾಟಕ. ರಾತ್ರಿ ಈ ವಾರದ್ದು ಆಡಬೇಕು, ಹಗಲು ಮುಂದಿನ ವಾರದ್ದು ಬಾಯಿಪಾಠ ಮಾಡಬೇಕು. ಪಾತ್ರ ಇಲ್ಲದಿದ್ರೆ ಪರದೆ ಹಿಂದಿನ ಕೆಲಸ. ಗ್ಲೆಂಡಾ ಸ್ಟೇಜ್ ಮ್ಯಾನೇಜರ್ ಕೆಲಸವನ್ನೂ ಮಾಡಿದರು.

ಅದೂ ಸಿಗದ ತಿಂಗಳುಗಳಿದ್ವು. ಆವಾಗ ಲಂಡನ್ನಿನ ಕಾಫಿ ಬಾರಲ್ಲಿ ವೇಟ್ರೆಸ್, ಆಫೀಸಲ್ಲಿ ಗುಮಾಸ್ತೆ, ಬ್ರಿಟಿಷ್ ಹೋಮ್ ಸ್ಟೋರ್ಸ್ ಅನ್ನೋ ಅಂಗಡಿಯಲ್ಲಿ ಕೆಲಸ. ಮತ್ತೆ ಅದೇ ಕೌಂಟರ್. 1958ರಲ್ಲಿ ರಾಯ್ ಹಾಡ್ಜಸ್ ಅವರನ್ನ ಮದುವೆಯಾದರು, ಅವರೂ ರಂಗಭೂಮಿಯವರೇ, ಅಂದ್ರೆ ಮನೆಯಲ್ಲಿ ಇಬ್ಬರಿಗೂ ಗ್ಯಾರಂಟಿ ಸಂಬಳ ಇಲ್ಲ.

ನಮ್ಮಲ್ಲಿ ಇದನ್ನ "ಗ್ಯಾಪ್" ಅಂತೀವಿ. ರೆಸ್ಯೂಮೆಯಲ್ಲಿ ಆರು ತಿಂಗಳು ಖಾಲಿ ಕಂಡ್ರೆ ಇಂಟರ್‌ವ್ಯೂನಲ್ಲಿ ಅಪರಾಧಿ ತರ ಉತ್ತರ ಕೊಡಬೇಕು. ಈಕೆಯ ರೆಸ್ಯೂಮೆ ಆ ಲೆಕ್ಕದಲ್ಲಿ ತೂತು ತೂತು. ಆದರೆ ವಾರಕ್ಕೊಂದು ಪಾತ್ರ ಕಲಿತು ಮರೆತು ಮತ್ತೊಂದು ಕಲಿಯೋ ಅಭ್ಯಾಸ ಅಲ್ಲೇ ಆಗಿದ್ದು. ಕೆಲಸ ಅನ್ನೋದು ಬರುತ್ತೆ ಹೋಗುತ್ತೆ, ನಾನು ಇದ್ದೇ ಇರ್ತೀನಿ ಅನ್ನೋದೂ ಅಲ್ಲೇ ಬಂತು ಅಂತ ನನ್ನ ಊಹೆ.

4/10

1964. ನಿರ್ದೇಶಕ ಪೀಟರ್ ಬ್ರೂಕ್ ರಾಯಲ್ ಶೇಕ್ಸ್‌ಪಿಯರ್ ಕಂಪನಿಗೆ ಒಂದು ಪ್ರಯೋಗದ ತಂಡ ಕಟ್ತಿದ್ರು. "ಥಿಯೇಟರ್ ಆಫ್ ಕ್ರೂಯೆಲ್ಟಿ" ಅಂತ ಅದರ ಹೆಸರು. ಗ್ಲೆಂಡಾ ಆಯ್ಕೆ ಆದರು. ಅದೇ ವರ್ಷ "ಮರಾ/ಸಾದ್" ನಾಟಕ. ಹುಚ್ಚಾಸ್ಪತ್ರೆಯ ರೋಗಿಗಳು ಫ್ರೆಂಚ್ ಕ್ರಾಂತಿಯ ಕಥೆ ಆಡೋದು ಅದರ ವಸ್ತು. ಕ್ರಾಂತಿಯ ನಾಯಕ ಮರಾನನ್ನ ಕೊಲ್ಲೋ ಷಾರ್ಲೆಟ್ ಕಾರ್ಡೇ ಪಾತ್ರ ಈಕೆಗೆ. ಅದರಲ್ಲಿ ಒಂದು ದೃಶ್ಯದಲ್ಲಿ ಚಾಟಿ ಬದಲು ತನ್ನ ತಲೆಗೂದಲಿಂದಲೇ ಇನ್ನೊಬ್ಬ ಪಾತ್ರಧಾರಿಗೆ ಹೊಡೀತಾರೆ. ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯ್ತು, 1967ರಲ್ಲಿ ಸಿನಿಮಾನೂ ಆಯ್ತು.

ಆಮೇಲೆ ಕೆನ್ ರಸೆಲ್ ನಿರ್ದೇಶನದ "ವಿಮೆನ್ ಇನ್ ಲವ್". ಡಿ.ಎಚ್. ಲಾರೆನ್ಸ್ ಕಾದಂಬರಿ ಆಧಾರಿತ. ಗುಡ್ರುನ್ ಅನ್ನೋ ಪಾತ್ರ: ಯಾರ ಹಿಡಿತಕ್ಕೂ ಸಿಗದ, ಎದುರಿಗಿರೋರನ್ನ ಹೆದರಿಸೋ ಹುಡುಗಿ. ಶೂಟಿಂಗ್ ಹೊತ್ತಲ್ಲಿ ಈಕೆ ಬಸುರಿ. ಮಗ ಹುಟ್ಟಿದ್ದು 1969ರಲ್ಲಿ.

ಆ ಪಾತ್ರಕ್ಕೆ ಅತ್ಯುತ್ತಮ ನಟಿ ಆಸ್ಕರ್ ಬಂತು. 1971ರ ಏಪ್ರಿಲಲ್ಲಿ ಸಮಾರಂಭ. ಗ್ಲೆಂಡಾ ಹೋಗಲೇ ಇಲ್ಲ. ಬೇರೆಯವರು ಸ್ಟೇಜ್ ಮೇಲೆ ಹೋಗಿ ಇಸ್ಕೊಂಡ್ರು. 1974ರಲ್ಲಿ ಎರಡನೇ ಸಲ ಗೆದ್ದಾಗಲೂ ಹೋಗಲಿಲ್ಲ.

ಟ್ರೋಫಿಗಳು ಅಮ್ಮನ ಮನೆ ಸೇರಿದವು. ಅಮ್ಮ ಅವನ್ನ ಎಷ್ಟು ಶ್ರದ್ಧೆಯಿಂದ ಉಜ್ಜಿ ಉಜ್ಜಿ ಇಟ್ರು ಅಂದ್ರೆ ಮೇಲಿನ ಚಿನ್ನದ ಲೇಪನವೇ ಸವೆದು ಹೋಯ್ತು ಅಂತ ಗ್ಲೆಂಡಾ ನಗ್ತಾ ಹೇಳ್ತಿದ್ರು. ನನಗೆ ಈ ಅಮ್ಮ ತುಂಬಾ ಇಷ್ಟ. ಹಿತ್ತಾಳೆ ದೀಪ ಬೆಳಗೋ ನಮ್ಮ ಅಮ್ಮಂದಿರ ಕೈಗೆ ಆಸ್ಕರ್ ಕೊಟ್ರೂ ಹೀಗೇ ಆಗೋದು.

ಮಗಳು ಅದನ್ನ ತಲೆಗೇರಿಸಿಕೊಳ್ಳಲಿಲ್ಲ. ಪ್ರಶಸ್ತಿ ಬಂದ ಮಾತ್ರಕ್ಕೆ ನಾಳೆ ನೀನು ಇನ್ನೂ ಒಳ್ಳೇ ನಟಿ ಆಗಿಬಿಡಲ್ಲ ಅನ್ನೋ ಧೋರಣೆ ಆಕೆಯದು.

5/10

1971 ಒಂದೇ ವರ್ಷದಲ್ಲಿ ಈಕೆ ಮಾಡಿದ್ದು ನೋಡಿ.

ಬಿಬಿಸಿಗೆ "ಎಲಿಜಬೆತ್ ಆರ್", ಆರು ಕಂತಿನ ಧಾರಾವಾಹಿ. ಮೊದಲನೇ ಎಲಿಜಬೆತ್ ರಾಣಿಯ ಹದಿಹರೆಯದಿಂದ ಸಾವಿನವರೆಗೆ. ರಾಣಿಯ ಅಗಲ ಹಣೆ ನಿಜವಾಗಿ ಕಾಣಬೇಕು ಅಂತ ತಲೆಯ ಮುಂಭಾಗ ಬೋಳಿಸಿಕೊಂಡರು. ಅದಕ್ಕೆ ಅಮೆರಿಕದಲ್ಲಿ ಎರಡು ಎಮ್ಮಿ ಬಂತು. ಅದೇ ವರ್ಷ "ಮೇರಿ, ಕ್ವೀನ್ ಆಫ್ ಸ್ಕಾಟ್ಸ್" ಸಿನಿಮಾದಲ್ಲೂ ಅದೇ ರಾಣಿ. ಅದೇ ವರ್ಷ "ಸಂಡೇ ಬ್ಲಡಿ ಸಂಡೇ", ಒಬ್ಬ ಯುವಕನನ್ನ ಒಬ್ಬ ಹೆಂಗಸೂ ಒಬ್ಬ ಗಂಡಸೂ ಇಬ್ಬರೂ ಪ್ರೀತಿಸೋ ಕಥೆ. ಐವತ್ತು ವರ್ಷದ ಹಿಂದೆ, ಯಾವ ಗಲಾಟೆಯೂ ಮಾಡದೆ. ಅದಕ್ಕೆ ಬಾಫ್ಟಾ.

ಇಷ್ಟೆಲ್ಲ ಗಂಭೀರ ಪಾತ್ರಗಳ ಮಧ್ಯೆ ಮೊರ್ಕಮ್ ಮತ್ತು ವೈಸ್ ಅನ್ನೋ ಹಾಸ್ಯ ಜೋಡಿಯ ಟಿವಿ ಶೋಗೆ ಹೋಗಿ ಕ್ಲಿಯೋಪಾತ್ರ ವೇಷ ಹಾಕ್ಕೊಂಡು ಕುಣಿದು ಬಂದರು. ದೊಡ್ಡ ನಟಿ, ರಾಣಿ ಪಾತ್ರ ಮಾಡಿದವಳು, ಕಾಮಿಡಿ ಶೋನಲ್ಲಿ ಕಾಲೆಳೆಸಿಕೊಳ್ಳೋದು ಮರ್ಯಾದೆಗೆ ಕಮ್ಮಿ ಅಂತ ಅನ್ನಿಸಲಿಲ್ಲ ಆಕೆಗೆ. ಅದನ್ನ ನೋಡಿದ ಮೆಲ್ವಿನ್ ಫ್ರಾಂಕ್ ಅನ್ನೋ ನಿರ್ದೇಶಕರು ಈಕೆಗೆ ಕಾಮಿಡಿ ಬರುತ್ತೆ ಅಂತ ಗುರುತಿಸಿ "ಎ ಟಚ್ ಆಫ್ ಕ್ಲಾಸ್" ಕೊಟ್ರು ಅಂತ ಹೇಳ್ತಾರೆ. 1973ರ ಆ ಸಿನಿಮಾಗೇ ಎರಡನೇ ಆಸ್ಕರ್.

ನಮಗೆ ಒಂದು ಭಯ ಇದೆಯಲ್ಲ: "ನನ್ನ ಲೆವೆಲ್‌ಗೆ ಇದು ಸರಿಹೋಗಲ್ಲ." ಡಿಗ್ರಿ ಮಾಡ್ತಾ ಅಂಗಡಿಯಲ್ಲಿ ಪಾರ್ಟ್‌ಟೈಮ್ ಬಿಲ್ ಹಾಕೋಕೆ ನಾಚಿಕೆ. ಟ್ಯಾಲಿ ಕಲಿತವನು ಡೇಟಾ ಎಂಟ್ರಿ ಮಾಡೋಕೆ ನಾಚಿಕೆ. ಗ್ಲೆಂಡಾಗೆ ಅಂಗಡಿ ಕೌಂಟರೂ ಕೆಲಸ, ರಾಣಿ ಪಾತ್ರವೂ ಕೆಲಸ, ಕ್ಲಿಯೋಪಾತ್ರ ಕುಣಿತವೂ ಕೆಲಸ. ಮೂರಕ್ಕೂ ಅದೇ ಪ್ರಮಾಣದ ಶ್ರಮ ಹಾಕಿದ್ದಕ್ಕೇ ಒಂದು ಇನ್ನೊಂದಕ್ಕೆ ದಾರಿ ಮಾಡ್ಕೊಡ್ತು.

6/10

ಈಗ ಸೀರೀಸಿನ ಮುಖ್ಯ ಜಾಗಕ್ಕೆ ಬರೋಣ. ಯಾಕೆ ಬಿಟ್ರು?

ಎಂಬತ್ತರ ದಶಕದಲ್ಲೂ ಈಕೆ ಸುಮ್ಮನೆ ಇರಲಿಲ್ಲ. ಯುಜೀನ್ ಓನೀಲ್, ಬ್ರೆಕ್ಟ್ ನಾಟಕಗಳ ದೊಡ್ಡ ಪಾತ್ರಗಳು, ಲಂಡನ್, ಗ್ಲಾಸ್ಗೊ, ಬ್ರಾಡ್‌ವೇ. ಆದರೆ ಹೆಂಗಸಿಗೆ ವಯಸ್ಸಾದ ಹಾಗೆ ಪಾತ್ರಗಳು ಕರಗ್ತಾ ಹೋಗ್ತವೆ. ಬರಹಗಾರರಿಗೆ ಹೆಂಗಸರ ಬಗ್ಗೆ ಆಸಕ್ತಿಯೇ ಇಲ್ಲ ಅಂತ ಈಕೆ ದಶಕಗಳ ಕಾಲ ಹೇಳ್ತಾನೇ ಬಂದ್ರು. ಒಂದು ಉದಾಹರಣೆ ಸಾಕು. 1989ರಲ್ಲಿ ಅದೇ ಕೆನ್ ರಸೆಲ್ "ದಿ ರೇನ್‌ಬೋ" ತೆಗೆದರು. "ವಿಮೆನ್ ಇನ್ ಲವ್"ಗಿಂತ ಹಿಂದೆ ನಡೆಯೋ ಕಥೆ ಅದು. ಇಪ್ಪತ್ತು ವರ್ಷದ ಹಿಂದೆ ಗುಡ್ರುನ್ ಆಗಿದ್ದ ಗ್ಲೆಂಡಾ ಇದರಲ್ಲಿ ಗುಡ್ರುನ್‌ಳ ಅಮ್ಮ.

ಇನ್ನೊಂದು ಕಡೆ ದೇಶ. 1979ರಿಂದ ಮಾರ್ಗರೆಟ್ ಥ್ಯಾಚರ್ ಪ್ರಧಾನಿ. ಗಣಿ, ಕಾರ್ಖಾನೆ ಮುಚ್ಚಿದವು, ನಿರುದ್ಯೋಗ ಏರಿತು, ಸಾರ್ವಜನಿಕ ಸೇವೆಗಳ ಖರ್ಚಿಗೆ ಕತ್ತರಿ ಬಿತ್ತು. ಸರ್ಕಾರಿ ಕಂಪನಿಗಳು ಖಾಸಗಿ ಆದವು. ನಮ್ಮ ಬಿಸಿನೆಸ್ ಎನ್ವಿರಾನ್‌ಮೆಂಟ್ ಪೇಪರಲ್ಲಿ ಪ್ರೈವಟೈಸೇಷನ್ ಬಗ್ಗೆ ಹತ್ತು ಮಾರ್ಕಿಗೆ ಬರೀತೀವಲ್ಲ, ಅದರ ದೊಡ್ಡ ಪಾಠ ನಡೆದಿದ್ದು ಅಲ್ಲೇ. ಲಿವರ್‌ಪೂಲ್ ಮತ್ತು ಅದರ ಸುತ್ತಲಿನ ಊರುಗಳಿಗೆ ಆ ಏಟು ಜೋರಾಗಿ ಬಿತ್ತು. ಈಕೆ ಹುಟ್ಟಿ ಬೆಳೆದ ಜಾಗ ಅದು.

1992ರ ಏಪ್ರಿಲಲ್ಲಿ ಲೇಬರ್ ಪಕ್ಷದಿಂದ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಮತ್ತು ಹೈಗೇಟ್ ಕ್ಷೇತ್ರಕ್ಕೆ ನಿಂತರು, ಗೆದ್ದರು. ದೇಶದಲ್ಲಿ ಆ ಸಲವೂ ಲೇಬರ್ ಸೋತಿತ್ತು, ಅಂದ್ರೆ ಅಧಿಕಾರದ ಆಸೆಗೆ ಹೋದವರು ಅನ್ನೋ ಹಾಗಿಲ್ಲ. ಗೆದ್ದ ಮೇಲೆ ನಟನೆ ನಿಲ್ಲಿಸಿಬಿಟ್ರು. ಶನಿವಾರ ಭಾನುವಾರ ಶೂಟಿಂಗ್, ಅಧಿವೇಶನಕ್ಕೆ ಯಾವಾಗಲೋ ಒಮ್ಮೆ ದರ್ಶನ, ಆ ಲೆಕ್ಕವೇ ಇಲ್ಲ. ಎಂ.ಪಿ. ಅನ್ನೋದು ಪೂರ್ತಿ ದಿನದ ಕೆಲಸ, ಜನ ಸಂಬಳ ಕೊಡೋದು ಅದಕ್ಕೆ.

ನಾನು ಈಕೆಯನ್ನ ಗೌರವಿಸೋಕೆ ಶುರು ಮಾಡಿದ್ದು ಆಸ್ಕರ್ ನೋಡಿ ಅಲ್ಲ, ಇದನ್ನ ಓದಿ.

7/10

ಹಾಗಂತ ಪಾರ್ಲಿಮೆಂಟಲ್ಲಿ ಪವಾಡ ಮಾಡಿದ್ರು ಅಂತ ಬರೆದ್ರೆ ಸುಳ್ಳಾಗುತ್ತೆ.

1997ರಲ್ಲಿ ಟೋನಿ ಬ್ಲೇರ್ ಸರ್ಕಾರ ಬಂದಾಗ ಸಾರಿಗೆ ಇಲಾಖೆಯಲ್ಲಿ ಕಿರಿಯ ಮಂತ್ರಿ ಆದರು. ಎರಡು ವರ್ಷ. ಲಂಡನ್ ಮೇಯರ್ ಆಗಬೇಕು ಅಂತ 1999ರಲ್ಲಿ ರಾಜೀನಾಮೆ ಕೊಟ್ರು. ಪಕ್ಷದ ಟಿಕೆಟ್ಟೇ ಸಿಗಲಿಲ್ಲ. ಆಮೇಲೆ ಮಂತ್ರಿ ಪದವಿ ಮತ್ತೆ ಬರಲಿಲ್ಲ. 2003ರ ಇರಾಕ್ ಯುದ್ಧವನ್ನ ವಿರೋಧಿಸಿದರು. ತನ್ನದೇ ಪಕ್ಷ, ತನ್ನದೇ ಪ್ರಧಾನಿ, ಆದರೂ ಬ್ಲೇರ್ ಹೋಗಬೇಕು ಅಂತ ಬಾಯಿಬಿಟ್ಟು ಹೇಳಿದರು. ಹಾಗೆ ಹೇಳಿದವರಿಗೆ ಪ್ರಮೋಷನ್ ಸಿಗಲ್ಲ ಅನ್ನೋದು ಆಫೀಸಿಗೆ ಹೋಗದ ನಮಗೂ ಗೊತ್ತು.

2010ರ ಚುನಾವಣೆ. ಕ್ಷೇತ್ರದ ಗಡಿ ಬದಲಾಗಿ ಹ್ಯಾಂಪ್‌ಸ್ಟೆಡ್ ಮತ್ತು ಕಿಲ್ಬರ್ನ್ ಆಗಿತ್ತು. ಗೆದ್ದಿದ್ದು ಎಷ್ಟು ವೋಟಲ್ಲಿ ಗೊತ್ತಾ? 42. ನಮ್ಮ ಕ್ಲಾಸಿನ ಅಟೆಂಡೆನ್ಸ್ ರಿಜಿಸ್ಟರಲ್ಲಿ ಅದಕ್ಕಿಂತ ಜಾಸ್ತಿ ಹೆಸರಿದೆ.

ಈ ಭಾಗ ಓದಿದಾಗ "ಇಷ್ಟಕ್ಕೆ ನಟನೆ ಬಿಡಬೇಕಿತ್ತಾ?" ಅಂತ ಯಾರಿಗಾದ್ರೂ ಅನ್ನಿಸುತ್ತೆ. ನ್ಯಾಯವಾದ ಪ್ರಶ್ನೆ. ನಾವು ಓದೋ ಆಪರ್ಚುನಿಟಿ ಕಾಸ್ಟ್ ಲೆಕ್ಕ ಹಾಕಿದ್ರೆ, 55ರಿಂದ 78ರವರೆಗೆ ಒಬ್ಬ ಮಹಾನಟಿ ಆಡಬಹುದಾಗಿದ್ದ ಪಾತ್ರಗಳೆಲ್ಲ ಹೋದವು. ಅದಕ್ಕೆ ಬದಲಾಗಿ ಸಿಕ್ಕಿದ್ದು ಎರಡು ವರ್ಷದ ಮಂತ್ರಿಗಿರಿ, ಉಳಿದ ಇಪ್ಪತ್ತೊಂದು ವರ್ಷ ಸಾದಾ ಎಂ.ಪಿ. ಬೆಂಚು.

ಆದರೆ ಆ ಬೆಂಚಿನ ಕೆಲಸ ಏನು? ಜನ ಬಂದು ಮನೆ ಸಿಕ್ಕಿಲ್ಲ, ಪಿಂಚಣಿ ನಿಂತಿದೆ, ವೀಸಾ ಬಂದಿಲ್ಲ ಅಂತಾರೆ. ಎಂ.ಪಿ. ಕೂತು ಕೇಳಿ ಇಲಾಖೆಗೆ ಪತ್ರ ಬರೀಬೇಕು. ಇದಕ್ಕೆ ಟ್ರೋಫಿ ಇಲ್ಲ. ಕೌಂಟರಿನ ಆಚೆ ನಿಂತ ಮನುಷ್ಯನಿಗೆ ಏನು ಬೇಕು ಅಂತ ಕೇಳೋ ಕೆಲಸವನ್ನ ಈಕೆ 16ನೇ ವಯಸ್ಸಲ್ಲೇ ಮಾಡಿದ್ದರು. ಹಾಗಾಗಿ ಅದನ್ನ ಬರೀ ನಷ್ಟದ ಕಾಲಂಗೆ ಹಾಕೋಕೆ ನಾನು ರೆಡಿ ಇಲ್ಲ.

8/10

ಈಕೆಯ ಹೆಸರು ನಮ್ಮ ಪೀಳಿಗೆಯವರ ಫೋನಿಗೆ ಬಂದಿದ್ರೆ ಅದು ಬಹುಶಃ ಒಂದು ವಿಡಿಯೋ ಮೂಲಕ.

2013ರ ಏಪ್ರಿಲ್ 8ರಂದು ಥ್ಯಾಚರ್ ತೀರಿಕೊಂಡರು. ಏಪ್ರಿಲ್ 10ಕ್ಕೆ ಪಾರ್ಲಿಮೆಂಟಲ್ಲಿ ಶ್ರದ್ಧಾಂಜಲಿ ಸಭೆ. ಒಬ್ಬೊಬ್ಬರೇ ಎದ್ದು ಹೊಗಳಿದರು, ವಿರೋಧ ಇದ್ದವರು ನಯವಾಗಿ ಮಾತಾಡಿ ಕೂತರು. ಗ್ಲೆಂಡಾ ಎದ್ದರು. ಆ ಕಾಲದಲ್ಲಿ ತಾನು ಕಂಡಿದ್ದನ್ನ ಹೇಳಿದರು: ಅಂಗಡಿ ಬಾಗಿಲುಗಳಲ್ಲಿ ಮಲಗೋ ಜನ, ಗೋಡೆ ಗಾರೆ ಬೀಳದ ಹಾಗೆ ಟೇಪ್ ಅಂಟಿಸಿದ ಸ್ಕೂಲುಗಳು, ದುರಾಸೆಯನ್ನೇ ಸದ್ಗುಣ ಅಂತ ಕಲಿಸಿದ ರಾಜಕೀಯ. ಎದುರು ಬೆಂಚಿಂದ ಕೂಗಾಟ ಶುರುವಾಯ್ತು. ಒಬ್ಬ ಸದಸ್ಯರು ಎದ್ದು ಇದು ನಿಯಮಕ್ಕೆ ಹೊಂದುತ್ತಾ ಅಂತ ಸ್ಪೀಕರನ್ನ ಕೇಳಿದರು. ಆಕೆ ನಿಯಮ ಮೀರಿಲ್ಲ ಅಂದ್ರು ಸ್ಪೀಕರ್.

ಇದರಲ್ಲಿ ನನಗೆ ಎರಡು ಮನಸ್ಸಿದೆ, ಮುಚ್ಚಿಡಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ಹೇಳಿ ಬೆಳೆಸಿದ ಮನೆ ನಮ್ಮದು. ಎರಡೇ ದಿನ ಆಗಿತ್ತು, ಮನೆಯವರ ದುಃಖ ಹಸಿ ಇತ್ತು. ಆ ಗೌರವ ಬೇಕು.

ಆದರೆ ಪಾರ್ಲಿಮೆಂಟು ಸಾವಿನ ಮನೆ ಅಲ್ಲ. ಅಲ್ಲಿ ಆಡೋ ಮಾತು ದಾಖಲೆ ಆಗುತ್ತೆ. ಎಲ್ಲರೂ ಹೊಗಳಿದ್ದು ಮಾತ್ರ ದಾಖಲಾದ್ರೆ, ಆ ದಿನಗಳಲ್ಲಿ ಕೆಲಸ ಕಳ್ಕೊಂಡವರ ಪಾಲಿಗೆ ಆ ಪುಟದಲ್ಲಿ ಒಂದು ಸಾಲೂ ಇರ್ತಿರಲಿಲ್ಲ. ಯಾರಾದ್ರೂ ಒಬ್ಬರು ಹೇಳಬೇಕಿತ್ತು, ಈಕೆ ಹೇಳಿದರು. ಕೊನೆಗೆ ನನ್ನ ತಕ್ಕಡಿ ಈಕೆ ಕಡೆಗೇ ವಾಲುತ್ತೆ. ನಿಮ್ಮದು ಬೇರೆ ಕಡೆ ವಾಲಿದ್ರೆ ಕಾಮೆಂಟಲ್ಲಿ ಜಗಳ ಆಡಿ, ಓದ್ತೀನಿ.

ಒಂದು ಗಮನಿಸಿ. ಆ ದನಿ, ಆ ಉಸಿರಿನ ಹಿಡಿತ, ಕೂಗಾಟದ ಮಧ್ಯೆ ಒಂದು ಶಬ್ದವೂ ಕೆಳಗೆ ಬೀಳದ ಹಾಗೆ ಹೇಳೋದು, ಅದೆಲ್ಲ ರೆಪರ್ಟರಿ ಸ್ಟೇಜಲ್ಲಿ ಕಲಿತಿದ್ದು. ಬಿಟ್ಟ ಕೆಲಸ ಕೈ ಬಿಟ್ಟಿರಲಿಲ್ಲ.

9/10

2015ರಲ್ಲಿ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಎಪ್ಪತ್ತೊಂಬತ್ತಕ್ಕೆ ಕಾಲಿಡೋ ಹೊತ್ತು. ಯಾರಾದ್ರೂ ಮೊಮ್ಮಕ್ಕಳ ಜೊತೆ ಕೂತ್ಕೋತಾರೆ.

ಈಕೆ ಮೊದಲು ಬಿಬಿಸಿ ರೇಡಿಯೋಗೆ ಎಮಿಲ್ ಝೋಲಾ ಕಾದಂಬರಿಗಳ ನಾಟಕದಲ್ಲಿ ದನಿ ಕೊಟ್ರು. ಆಮೇಲೆ 2016ರ ಕೊನೆಗೆ ಲಂಡನ್ನಿನ ಓಲ್ಡ್ ವಿಕ್ ಥಿಯೇಟರಲ್ಲಿ ಕಿಂಗ್ ಲಿಯರ್. ನಿರ್ದೇಶಕಿ ಡೆಬೊರಾ ವಾರ್ನರ್. ವಯಸ್ಸು 80, ಸ್ಟೇಜ್ ಬಿಟ್ಟು ಇಪ್ಪತ್ತೈದು ವರ್ಷ.

ಲಿಯರ್ ಗೊತ್ತಿಲ್ಲದವರಿಗೆ: ಮುದಿ ರಾಜ, ರಾಜ್ಯವನ್ನ ಹೆಣ್ಣುಮಕ್ಕಳಿಗೆ ಹಂಚಿ, ಹೊಗಳಿದವರನ್ನ ನಂಬಿ, ನಿಜ ಹೇಳಿದ ಕಿರಿ ಮಗಳನ್ನ ಓಡಿಸಿ, ಕೊನೆಗೆ ಬಿರುಗಾಳಿಯಲ್ಲಿ ಬುದ್ಧಿ ಕಳ್ಕೊಂಡು ಅಲೆಯೋನು. ಮೂರು ಗಂಟೆ ಹಿಡಿಯೋ ನಾಟಕ. ಗಟ್ಟಿಮುಟ್ಟಾದ ಗಂಡಸರೇ ಆ ಪಾತ್ರಕ್ಕೆ ಹೆದರ್ತಾರೆ. ರಾಜನನ್ನ ರಾಣಿ ಮಾಡಲಿಲ್ಲ, ರಾಜನನ್ನೇ ಆಡಿದರು. ಹೆಂಗಸರಿಗೆ ಪಾತ್ರ ಬರೆಯಲ್ಲ ಅಂತ ದೂರ್ತಿದ್ದವರು ಗಂಡಸರ ಅತಿ ದೊಡ್ಡ ಪಾತ್ರವನ್ನೇ ತಗೊಂಡ್ರು. ವಿಮರ್ಶಕರು ಎದ್ದು ಕೂತು ಬರೆದರು.

2018ರಲ್ಲಿ ಬ್ರಾಡ್‌ವೇ. ಎಡ್ವರ್ಡ್ ಆಲ್ಬಿಯ "ಥ್ರೀ ಟಾಲ್ ವಿಮೆನ್". ಈ ಹಿಂದೆ ನಾಲ್ಕು ಸಲ ನಾಮನಿರ್ದೇಶನ ಆಗಿ ಕೈತಪ್ಪಿದ್ದ ಟೋನಿ ಐದನೇ ಸಲಕ್ಕೆ ಬಂತು. ಆಸ್ಕರ್, ಎಮ್ಮಿ, ಟೋನಿ ಮೂರೂ ನಟನೆಗೇ ಗೆದ್ದವರು ಬೆರಳೆಣಿಕೆಯಷ್ಟು ಜನ. 2019ರಲ್ಲಿ ಲಿಯರನ್ನ ಹೊಸ ತಂಡದ ಜೊತೆ ಬ್ರಾಡ್‌ವೇಯಲ್ಲೂ ಆಡಿದರು.

ಅದೇ ವರ್ಷ ಟಿವಿಗೆ "ಎಲಿಜಬೆತ್ ಈಸ್ ಮಿಸ್ಸಿಂಗ್". ನೆನಪು ಕಳ್ಕೊಳ್ತಿರೋ ಮಾಡ್ ಅನ್ನೋ ಅಜ್ಜಿ, ಕಾಣೆಯಾದ ಗೆಳತಿಯನ್ನ ಹುಡುಕ್ತಾಳೆ. ತಾನು ಏನು ಹುಡುಕ್ತಿದ್ದೀನಿ ಅಂತಲೇ ಮರೆತು ಹೋಗುತ್ತೆ. 2020ರ ಬಾಫ್ಟಾ ಇದಕ್ಕೆ. ಮನೆಯಲ್ಲಿ ಮರೆವಿನ ಅಜ್ಜ ಅಜ್ಜಿ ಇರೋರು ಇದನ್ನ ನೋಡಿ. ಅವರ ಸಿಟ್ಟಿನ ಹಿಂದೆ ಎಷ್ಟು ಹೆದರಿಕೆ ಇರುತ್ತೆ ಅಂತ ಗೊತ್ತಾಗುತ್ತೆ.

ಕೊನೇ ಸಿನಿಮಾ ಮೈಕಲ್ ಕೇನ್ ಜೊತೆ "ದಿ ಗ್ರೇಟ್ ಎಸ್ಕೇಪರ್". ಇವರಿಬ್ಬರೂ 1975ರಲ್ಲಿ "ದಿ ರೊಮ್ಯಾಂಟಿಕ್ ಇಂಗ್ಲಿಷ್‌ವುಮನ್"ನಲ್ಲಿ ಗಂಡ ಹೆಂಡತಿ ಆಗಿದ್ದವರು. ಇದರಲ್ಲೂ ಗಂಡ ಹೆಂಡತಿಯೇ, ವೃದ್ಧಾಶ್ರಮದಲ್ಲಿ. 2023ರ ಅಕ್ಟೋಬರಲ್ಲಿ ಸಿನಿಮಾ ಬಂತು, ನೋಡೋಕೆ ಆಕೆ ಇರಲಿಲ್ಲ.

10/10

ಡ್ರಾಫ್ಟ್ ಓದಿದ ಗೆಳತಿ ಒಬ್ಬಳು ಹೇಳಿದ್ದು: "ಆಸ್ಕರ್ ಮನೇಲಿ ಇದ್ದವರಿಗೆ ಕೆಲಸ ಬಿಡೋದು ಸುಲಭ ಕಣೇ. ನಾವು ಬಿಟ್ರೆ ಇಎಂಐ ಯಾರು ಕಟ್ತಾರೆ?"

ಸರಿಯಾದ ಮಾತು. ಎರಡು ಆಸ್ಕರ್ ಇರೋರಿಗೆ ವಾಪಸ್ ಬಂದ್ರೆ ಬಾಗಿಲು ತೆಗೆಯೋರಿರ್ತಾರೆ. ನಮಗಿಲ್ಲ. ಅಪ್ಪನ ಸಾಲ, ತಮ್ಮನ ಫೀಸು, ಹೆಣ್ಣುಮಕ್ಕಳಿಗೆ ಮದುವೆಯ ಗಡುವು, ಇದೆಲ್ಲ ನಮ್ಮ ಲೆಕ್ಕದಲ್ಲಿದೆ. ಅದಕ್ಕೇ "ಕನಸು ಹಿಂಬಾಲಿಸಿ, ಎಲ್ಲ ಬಿಟ್ಟುಬಿಡಿ" ಅನ್ನೋ ಬಿಟ್ಟಿ ಸಲಹೆ ನಾನು ಕೊಡ್ತಿಲ್ಲ. ಗ್ಲೆಂಡಾ ಕೂಡ ಸುಮ್ಮನೆ ಹಾರಿದವರಲ್ಲ. ಸ್ಕಾಲರ್‌ಶಿಪ್ ಸಿಕ್ಕ ಮೇಲೆ ಅಂಗಡಿ ಬಿಟ್ರು, ಸೀಟ್ ಗೆದ್ದ ಮೇಲೆ ನಟನೆ ಬಿಟ್ರು.

ನಾನು ಹೇಳ್ತಿರೋದು ಇನ್ನೂ ಸಣ್ಣ ವಿಷಯ. ಕಾಸ್ಟ್ ಅಕೌಂಟಿಂಗಲ್ಲಿ ಸಂಕ್ ಕಾಸ್ಟ್ ಅಂತ ಓದ್ತೀವಿ. ಆಗಲೇ ಖರ್ಚಾಗಿ ಹೋದ, ವಾಪಸ್ ಬರದ ದುಡ್ಡು. ಮುಂದಿನ ನಿರ್ಧಾರ ಮಾಡೋವಾಗ ಅದನ್ನ ಲೆಕ್ಕಕ್ಕೆ ತಗೋಬಾರದು ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೋತೀವಿ. ಜೀವನದಲ್ಲಿ ಮಾತ್ರ "ಮೂರು ವರ್ಷ ಬಿಕಾಂ ಓದಿದ್ದೀನಿ, ಇನ್ನು ಬೇರೆ ಏನೂ ಮಾಡೋ ಹಾಗಿಲ್ಲ" ಅಂತ ಅಳ್ತೀವಿ. ಈಕೆ ಮೂವತ್ತೈದು ವರ್ಷದ ನಟನೆಯನ್ನ ಆ ತರ ತಲೆ ಮೇಲೆ ಹೊತ್ಕೊಂಡು ತಿರುಗಲಿಲ್ಲ. ಪಾರ್ಲಿಮೆಂಟಿನ ಇಪ್ಪತ್ಮೂರು ವರ್ಷವನ್ನೂ ಅಷ್ಟೇ.

ಆರ್ಟಿಕಲ್‌ಶಿಪ್ ಸೇರಿರೋರು ಚೆನ್ನಾಗಿ ಮಾಡಿ. ಬ್ಯಾಂಕ್ ಪರೀಕ್ಷೆಗೆ ಓದ್ತಿರೋರು ಗಟ್ಟಿಯಾಗಿ ಓದಿ. ಕಾಲ್ ಸೆಂಟರ್ ನೈಟ್ ಶಿಫ್ಟ್ ಮಾಡ್ತಾ ಬೆಳಗ್ಗೆ ಕ್ಲಾಸಿಗೆ ಬರೋರೇ, ನಿಮಗೆ ನನ್ನ ನಮಸ್ಕಾರ. ಆದರೆ ಇಪ್ಪತ್ತಕ್ಕೆ ಹಿಡಿದ ಕೆಲಸದ ಹೆಸರನ್ನೇ ನಿಮ್ಮ ಹೆಸರು ಮಾಡ್ಕೋಬೇಡಿ. ಅದು ಸಿಗದಿದ್ರೆ ನೀವು ಸೊನ್ನೆ ಆಗಲ್ಲ, ಸಿಕ್ಕಿದ್ರೂ ಅದಷ್ಟೇ ನೀವಲ್ಲ.

ಮುಂದಿನ ಸಲ ಮದುವೆ ಮನೆಯಲ್ಲಿ ಯಾರಾದ್ರೂ ಡಿಗ್ರಿ ಆದ್ಮೇಲೆ ಏನು ಅಂತ ಕೇಳಿದ್ರೆ, "ಸದ್ಯಕ್ಕೆ ಇದು" ಅಂತ ಒಂದು ಕೆಲಸದ ಹೆಸರು ಹೇಳಿ, ಹೋಳಿಗೆ ಹಾಕಿಸ್ಕೊಂಡು ಊಟ ಮುಂದುವರಿಸಿ. ಆ "ಸದ್ಯಕ್ಕೆ" ಅನ್ನೋ ಪದ ಮಾತ್ರ ಬಿಡಬೇಡಿ.

ಮೊದಲು ಏನು ನೋಡಲಿ ಅಂತ ಕೇಳೋರಿಗೆ: ನಗಬೇಕು ಅಂದ್ರೆ "ಎ ಟಚ್ ಆಫ್ ಕ್ಲಾಸ್", ಅಳಬೇಕು ಅಂದ್ರೆ "ಎಲಿಜಬೆತ್ ಈಸ್ ಮಿಸ್ಸಿಂಗ್". ನೋಡಿದವರು ಕೆಳಗೆ ಬರೀರಿ. ಸೇವ್ ಮಾಡಿ ಇಟ್ಕೊಳ್ಳಿ, ಕೆಲಸದ ಟೆನ್ಶನ್ನಲ್ಲಿರೋ ಅಕ್ಕನಿಗೋ ಅಣ್ಣನಿಗೋ ಕಳಿಸಿ.

#ಗ್ಲೆಂಡಾಜಾಕ್ಸನ್ #ಬಿಕಾಂಬದುಕು #ಕನ್ನಡದಲ್ಲಿಓದಿ #ಸದ್ಯಕ್ಕೆಇದು